ಎಲ್ಸ್‌ನ ತಪ್ಪಲ್ಲ

ಇಪ್ಪತ್ತಾರು ವರ್ಷ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಲ್ಲಿ
ಬಸ್ಸುಗಳ ಹೊತ್ತು ಬರೆದವನು ನಾನು, ಲಿಯೋ ಕ್ರಾಸ್ತಾ.
ಮೂರು ನಿಮಿಷದವರೆಗೆ ಮಾಫಿ,
ಅದರಾಚೆ ನಿಮಿಷಕ್ಕೆ ಐವತ್ತು ರೂಪಾಯಿ ದಂಡ.
ಇಷ್ಟೇ ನನ್ನ ಕಾನೂನು. ಇದನ್ನು
ಒಂದು ಹಳೇ ಲ್ಯಾಪ್‌ಟಾಪಿಗೆ ಹೇಳಿಕೊಡಲು ಹೊರಟು
ಇವತ್ತಿಗೆ ಹನ್ನೊಂದು ದಿನ.

ಕಲಿಸುವವಳು ಅಸ್ಮಿಯಾ.
ಬಿ.ಸಿ.ಎ. ಎರಡನೇ ವರ್ಷ, ಆರೂ ನಲ್ವತ್ತರ ಉಳ್ಳಾಲ ಬಸ್ಸು.
ಅದು ಬರುವ ತನಕ ಮಾತ್ರ ನನ್ನ ಕ್ಲಾಸು,
ಟಿಕೆಟ್ ರೋಲಿನ ಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪು,
ಪಕ್ಕದಲ್ಲಿ ಕಡ್ಲೆ ಪೊಟ್ಟಣ.

ಮೊದಲ ದಿನ ಇಫ್‌ನ ಐ ದೊಡ್ಡಕ್ಷರದಲ್ಲಿ ಬರೆದೆ.
ಸಾಲಿನ ಮೊದಲಲ್ಲವೇ, ಗೌರವ ಬೇಡವೇ?
ಬೇಡವಂತೆ.
ಗೌರವ ಕೊಟ್ಟರೆ ಅದಕ್ಕೆ ಗುರುತೇ ಸಿಗುವುದಿಲ್ಲ.

ಎರಡನೇ ದಿನ ತಕರಾರು ತೆಗೆದೆ:
ನಮ್ಮ ಮಾತಿನಲ್ಲಿ ಬಸ್ಸು ಮೊದಲು ಬರುತ್ತದೆ,
'ರೆ' ಆಮೇಲೆ.
ಬಂದರೆ, ತಡವಾದರೆ, ಟೈರು ಪಂಕ್ಚರಾದರೆ,
ಕ್ರಿಯಾಪದದ ಬಾಲಕ್ಕೆ ಜೋತುಬಿದ್ದಿರುತ್ತದೆ
ಫುಟ್‌ಬೋರ್ಡಿನ ಹುಡುಗನ ಹಾಗೆ.
ಇಲ್ಲಿ ನೋಡಿದರೆ ಬಸ್ಸು ಕಾಣುವ ಮೊದಲೇ
ಅನುಮಾನ ಬಂದು ನಿಂತಿರುತ್ತದೆ!
ಅಸ್ಮಿಯಾ ಕಡ್ಲೆ ಸಿಪ್ಪೆ ಊದಿ ಹೇಳಿದಳು:
"ಅದು ನಿಮ್ಮ ಹಾಗೆಯೇ ಅಲ್ವಾ ಅಂಕಲ್?"

ಆಮೇಲೆ ಬ್ರಾಕೆಟ್ಟುಗಳು.
ದುಂಡನೆಯದರೊಳಗೆ ಪ್ರಶ್ನೆ,
ಮೀಸೆಯಂಥದರೊಳಗೆ ಶಿಕ್ಷೆ.
ತೆರೆದದ್ದನ್ನು ಮುಚ್ಚಬೇಕು.
ಬಾಗಿಲೇ ಇಲ್ಲದ ಬಸ್ಸುಗಳ ಊರಿನವ ನಾನು,
ಎಷ್ಟು ಸಲ ಮರೆತೆನೋ.

ಐದನೇ ದಿನ ಓಡಿತು. ಕೆಂಪಕ್ಷರವಿಲ್ಲ, ದೂರಿಲ್ಲ.
ಆದರೆ ಎಲ್ಲ ಬಸ್ಸಿಗೂ ದಂಡ,
ಹೊತ್ತಿಗೆ ಮುಂಚೆ ಬಂದದ್ದಕ್ಕೂ.
"ಒಂದೇ ಈಕ್ವಲ್ ಹಾಕಿದ್ದೀರಿ ಅಂಕಲ್.
ಅದು ತಡವಾ ಅಂತ ಕೇಳಿದ ಹಾಗಲ್ಲ,
ನೀವೇ ತಡ ಅಂತ ಮಾಡಿಬಿಟ್ಟ ಹಾಗೆ.
ಕೇಳಲಿಕ್ಕೆ ಮೂರು ಬೇಕು."
ಮೂರು ಹಾಕಿದೆ. ಒಂದೊಂದಾಗಿ.
ಕೇಳುವುದಕ್ಕೆ ಇಷ್ಟು ಖರ್ಚಿದೆ ಎಂದು ಗೊತ್ತಿರಲಿಲ್ಲ.

ನಿನ್ನೆಯದು ಬೇರೆ ಕಥೆ.
ಹದಿನಾಲ್ಕನೇ ಸಾಲಿನಲ್ಲಿ ಕೆಂಪು:
ಈ ಎಲ್ಸ್ ಇಲ್ಲಿ ಬರಬಾರದಿತ್ತು.
ಅಳಿಸಿ ಬರೆದೆ. ಅದೇ ಮಾತು.
ಅಕ್ಷರ ಅಕ್ಷರ ಬೆರಳಿಟ್ಟು ನೋಡಿದೆ, ನಾಲ್ಕೂ ಸರಿಯಿದ್ದವು.
ಎಲ್ಸ್‌ಗೆ ಇಡೀ ಸಂಜೆ ಬೈದೆ.

ಅಸ್ಮಿಯಾ ಅದರ ಕಡೆ ನೋಡಲೂ ಇಲ್ಲ.
ಉಗುರು ಮೇಲೆ ಸರಿಯಿತು, ಹದಿಮೂರು, ಹನ್ನೆರಡು,
ಒಂಬತ್ತನೇ ಸಾಲಿನ ತುದಿಯಲ್ಲಿ ನಿಂತಿತು.
ದುಂಡು ಬ್ರಾಕೆಟ್ಟಿನ ಪಕ್ಕ ಒಂದು ಸೆಮಿಕೋಲನ್ನು,
ನಾನೇ ಭಕ್ತಿಯಿಂದ ಇಟ್ಟದ್ದು.
"ಇಫ್ ಇಲ್ಲೇ ಮುಗಿದುಹೋಗಿದೆ.
ಎಲ್ಸ್ ಪಾಪ, ಇಲ್ಲದ ಬಸ್ಸಿಗೆ ಕಾಯ್ತಾ ಇದೆ.
ದೂರು ಬರೋದು ಗೊತ್ತಾದ ಕಡೆ ಅಂಕಲ್,
ತಪ್ಪಾದ ಕಡೆ ಅಲ್ಲ."

ಎಷ್ಟು ವರ್ಷವಾಯಿತೋ, ತಲಪಾಡಿ ಬಸ್ಸಿನ ದೂಮಪ್ಪ.
ಏಳು ನಿಮಿಷ ತಡ, ಇಲ್ಲಿ ನನ್ನ ಕಿಟಕಿಯ ಮುಂದೆ.
"ಸಂಕದ ಮೇಲೆ ಮೀನಿನ ಲಾರಿ..." ಎಂದು ಶುರು ಮಾಡಿದ.
"ಇಲ್ಲಿ ಹೊತ್ತೆಷ್ಟು, ಅದು ಹೇಳು" ಎಂದೆ.
ನಾಲ್ಕು ಐವತ್ತಲಿ ಇನ್ನೂರು.
ಎಣಿಸಿ ಕೊಟ್ಟು, ಕಿವಿಯ ಹಿಂದೆ ತುರಿಸಿಕೊಂಡು ಹೋದ.
ಲಾರಿಯ ಕಥೆಯ ಉಳಿದರ್ಧ
ನನಗೆ ಇವತ್ತಿಗೂ ಗೊತ್ತಿಲ್ಲ.

ಸೆಮಿಕೋಲನ್ನು ಅಳಿಸಿದೆ. ಓಡಿತು.
ಅಸ್ಮಿಯಾಳ ಬಸ್ಸೂ ಬಂತು, ನಲ್ವತ್ತೆರಡಕ್ಕೆ.
"ಎರಡೇ ನಿಮಿಷ" ಎಂದು ನಕ್ಕು ಹತ್ತಿದಳು.

ಇವತ್ತು ಆ ಇಫ್‌ನ ಹೊಟ್ಟೆಯೊಳಗೆ
ಇನ್ನೊಂದು ಇಫ್ ಬರೆಯುತ್ತಿದ್ದೇನೆ, ಸಣ್ಣಕ್ಷರದಲ್ಲೇ.
ದುಂಡು ಬ್ರಾಕೆಟ್ಟು ತೆರೆದೆ, ಮೊದಲೇ ಮುಚ್ಚಿಯೂ ಇಟ್ಟೆ.
ನಡುವೆ ಬರೆಯಬೇಕಾದದ್ದು ಒಂದೇ: ಎಲ್ಲಿ ತಡವಾಯಿತು?
ಹುಡುಕಿದರೆ
ಇಪ್ಪತ್ತಾರು ವರ್ಷದ ಲೆಡ್ಜರಿನಲ್ಲಿ
ಅದಕ್ಕೊಂದು ಕಾಲಮ್ಮೇ ಇಲ್ಲ.

ಕರ್ಸರು ಖಾಲಿ ಬ್ರಾಕೆಟ್ಟಿನೊಳಗೆ ಮಿಟುಕುತ್ತಿದೆ.
ಹಂಪನಕಟ್ಟೆಯ ಇಳಿಜಾರಿನಲ್ಲಿ ಯಾವುದೋ ಹಾರ್ನು,
ತಡವಾದವನದೇ ಇರಬೇಕು, ಅಷ್ಟು ಅವಸರ.
ಪೆನ್ನಿನ ಮುಚ್ಚಳ ತೆಗೆಯದೆ
ಕಿಟಕಿಯಿಂದ ತಲೆ ಹೊರಗೆ ಹಾಕುತ್ತೇನೆ:
ಏನಾಯ್ತು ಮಾರಾಯ?